ಮಳೆ ನಮ್ಮ ಕೈಯಲ್ಲಿಲ್ಲ, ಬಿದ್ದ ನೀರು ನಮ್ಮ ಕೈಯಲ್ಲಿದೆ



ನಾರಾಯಣಪೇಟೆ, ಮಖ್ತಲ್, ಗದ್ವಾಲ ಭಾಗದ ನಮ್ಮ ಒಕ್ಕಲುಮಕ್ಕಳು ಕೂಡಿದಲ್ಲೆಲ್ಲ ಈಗ ಕೇಳಿಬರುವ ಮಾತು ಒಂದೇ: 'ಮಳೆ ಮೊದಲಿನಂಗ ಇಲ್ಲ.' ರೋಹಿಣಿಗೆ ನೆಲ ಹಸನು ಮಾಡಿ ಮಿರಗಕ್ಕೆ ಕೂರಿಗೆ ಹೂಡುತ್ತಿದ್ದ ಹಿರಿಯರ ಲೆಕ್ಕ ಕೈಕೊಡುತ್ತಿದೆ. ಬಿತ್ತಿದ ಮೇಲೆ ವಾರಗಟ್ಟಲೆ ಮೋಡ ಕಾಣುವುದಿಲ್ಲ. ತೊಗರಿ ಹೂ ಬಿಡುವ ಹೊತ್ತಿಗೆ, ಹತ್ತಿ ಬಿಡಿಸುವ ಹೊತ್ತಿಗೆ ಬೇಡವಾದ ಮಳೆ ಸುರಿಯುತ್ತದೆ. ಇದನ್ನು ಕಾಲಮಹಿಮೆ ಎಂದು ಸುಮ್ಮನಿರುವುದೋ, ಸರ್ಕಾರ ನೋಡಿಕೊಳ್ಳಲಿ ಎಂದು ಕೈಕಟ್ಟಿ ಕೂಡುವುದೋ, ಅಥವಾ ಇದರಲ್ಲಿ ನಮ್ಮದೂ ಒಂದು ಪಾಲಿನ ಹೊಣೆ ಇದೆಯೋ? ಈ ಸಲದ ಪಾಠದಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡಿದ್ದೇವೆ. ಮನೆಮಂದಿಯೆಲ್ಲ ಕೂಡಿ ಓದಿ, ಕೊನೆಯಲ್ಲಿ ಕೊಟ್ಟ ಪ್ರಶ್ನೆಗಳನ್ನು ನಿಮ್ಮ ಊರಿನ ಗೋಷ್ಠಿಯಲ್ಲಿ ಚರ್ಚಿಸಬೇಕೆಂದು ಕೋರುತ್ತೇವೆ.

ಮಳೆ ಬದಲಾದದ್ದು ಹೇಗೆ?

ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಉರಿಸಿದಾಗ ಇಂಗಾಲದ ಡೈಆಕ್ಸೈಡ್ ಎಂಬ ಅನಿಲ ಗಾಳಿಗೆ ಸೇರುತ್ತದೆ. ಯಂತ್ರಯುಗ ಆರಂಭವಾಗುವ ಮುನ್ನ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇದು ಸುಮಾರು 280 ಪಾಲು ಇತ್ತು. ಈಗ 420ನ್ನು ದಾಟಿದೆ. ಹೊದ್ದ ಕಂಬಳಿ ಮೈಯ ಕಾವನ್ನು ಹೊರಬಿಡದೆ ಹಿಡಿಯುವಂತೆ ಈ ಅನಿಲ ಭೂಮಿಯ ಕಾವನ್ನು ಹಿಡಿದಿಡುತ್ತದೆ. ವಿಶ್ವ ಹವಾಮಾನ ಸಂಸ್ಥೆಯ ಲೆಕ್ಕದಂತೆ 2024ನೇ ಇಸವಿಯಲ್ಲಿ ಭೂಮಿಯ ಸರಾಸರಿ ಉಷ್ಣಾಂಶ 1850ರಿಂದ 1900ರವರೆಗಿನ ಸರಾಸರಿಗಿಂತ ಸುಮಾರು 1.55 ಡಿಗ್ರಿ ಹೆಚ್ಚಾಗಿತ್ತು.

ಒಂದೂವರೆ ಡಿಗ್ರಿಯಿಂದ ಏನು ಮಹಾ ಆದೀತು ಎಂದು ಅನ್ನಿಸಬಹುದು. ಗಾಳಿ ಒಂದು ಡಿಗ್ರಿ ಕಾದರೆ ಅದು ನೂರಕ್ಕೆ ಸುಮಾರು 7 ಪಾಲು ಹೆಚ್ಚು ತೇವವನ್ನು ಹಿಡಿಯಬಲ್ಲದು. ಸಣ್ಣ ಗಡಿಗೆಯ ಬದಲು ದೊಡ್ಡ ಗಡಿಗೆ ಇಟ್ಟಂತೆ ಇದು. ತುಂಬಲು ಹೆಚ್ಚು ಹೊತ್ತು ಬೇಕು. ಮಗುಚಿದರೆ ಒಮ್ಮೆಲೇ ಸುರಿಯುತ್ತದೆ. ಭಾರತ ಸರ್ಕಾರದ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಹೊರತಂದ ವರದಿಯೂ ಇದನ್ನೇ ಹೇಳುತ್ತದೆ. 1951ರಿಂದ 2015ರವರೆಗೆ ನಮ್ಮ ದೇಶದ ಮುಂಗಾರು ಮಳೆ ಒಟ್ಟಾರೆ ನೂರಕ್ಕೆ ಸುಮಾರು 6 ಪಾಲು ತಗ್ಗಿದೆ. ಆದರೆ ಮಧ್ಯಭಾರತದಲ್ಲಿ ಒಂದೇ ದಿನಕ್ಕೆ 150 ಮಿ.ಮೀ. ಮೀರುವ ಮಳೆಯ ಸಲಗಳು ಸುಮಾರು ಅದೇ ಕಾಲದಲ್ಲಿ ನೂರಕ್ಕೆ 75ರಷ್ಟು ಹೆಚ್ಚಿವೆ. ಒಟ್ಟು ಮಳೆ ಕಡಿಮೆ, ಬಿದ್ದರೆ ಜೋರು ಎಂಬುದೇ ಇದರ ಸಾರ.

2009ನೇ ಇಸವಿಯನ್ನು ನೆನೆಯಿರಿ. ಆ ವರ್ಷ ದೇಶದ ಮುಂಗಾರು ಮಳೆ ನೂರಕ್ಕೆ 22 ಪಾಲು ಕಡಿಮೆಯಾಗಿತ್ತು. ಬರ ಎಂದು ಎಲ್ಲರೂ ಕೈಚೆಲ್ಲಿ ಕುಳಿತಾಗ, ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕ ಮತ್ತು ರಾಯಲಸೀಮೆಯ ಮೇಲೆ ಮಳೆ ಮುಗಿಬಿತ್ತು. ಕೃಷ್ಣೆ, ತುಂಗಭದ್ರೆ ಎರಡೂ ಉಕ್ಕಿದವು. ಮಂತ್ರಾಲಯ, ಕರ್ನೂಲು, ಆಲಂಪುರಗಳಿಗೆ ನೀರು ನುಗ್ಗಿತು. ಹೆಚ್ಚೆಂದರೆ 19 ಲಕ್ಷ ಕ್ಯೂಸೆಕ್ ನೀರು ಬಂದೀತೆಂದು ಕಟ್ಟಿದ ಶ್ರೀಶೈಲ ಅಣೆಕಟ್ಟಿಗೆ ಸುಮಾರು 25 ಲಕ್ಷ ಕ್ಯೂಸೆಕ್ ನೀರು ಬಂದಿತು. ಒಂದೇ ವರ್ಷದಲ್ಲಿ ಬರವೂ ನೆರೆಯೂ! ಯಾವುದೋ ಒಂದು ನೆರೆಗೆ ಇದೊಂದೇ ಕಾರಣವೆಂದು ಬೆರಳಿಟ್ಟು ಹೇಳಲಾಗದು. ಆದರೆ ಇಂಥ ವರ್ಷಗಳು ಮುಂದೆ ಹೆಚ್ಚಾಗುತ್ತವೆ ಎಂಬುದರಲ್ಲಿ ಬಲ್ಲವರಿಗೆ ಸಂಶಯವಿಲ್ಲ.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ತಾಲ್ಲೂಕುಗಳು ಮಹಬೂಬನಗರ ಜಿಲ್ಲೆಗೆ ಸೇರಿದವು. 2014ರಲ್ಲಿ ತೆಲಂಗಾಣ ರಾಜ್ಯವಾಯಿತು. 2016ರಲ್ಲಿ ಜೋಗುಳಾಂಬ ಗದ್ವಾಲ, 2019ರಲ್ಲಿ ನಾರಾಯಣಪೇಟೆ ಬೇರೆ ಜಿಲ್ಲೆಗಳಾದವು. ಗೆರೆಗಳು ಸರಿದವೇ ಹೊರತು ಮೋಡಗಳ ದಾರಿ, ಹಳ್ಳಗಳ ದಾರಿ ಸರಿಯಲಿಲ್ಲ. ನೀರಿನ ಲೆಕ್ಕದಲ್ಲಿ ಆಚೆಯವರೂ ಈಚೆಯವರೂ ಒಂದೇ ಮನೆಯವರು.

ತಪ್ಪು ಬೇರೆ, ಹೊಣೆ ಬೇರೆ

'ಈ ಅನಿಲವನ್ನು ಗಾಳಿಗೆ ತುಂಬಿದವರು ನಾವಲ್ಲ. ಹೊಣೆ ಮಾತ್ರ ನಮಗೇಕೆ?' ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ ಸರಿ. ಅಮೆರಿಕದ ಒಬ್ಬ ಮನುಷ್ಯನ ಪಾಲಿಗೆ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್ ಲೆಕ್ಕ ಬರುತ್ತದೆ. ಭಾರತದ ಒಬ್ಬನ ಪಾಲಿಗೆ ಸುಮಾರು 2 ಟನ್. ಮಖ್ತಲ್ ಸೀಮೆಯಲ್ಲಿ ಎರಡೆತ್ತು ಕಟ್ಟಿ ಜೋಳ, ತೊಗರಿ ಬೆಳೆಯುವ ಒಣಬೇಸಾಯದ ರೈತನ ಪಾಲು ಅದಕ್ಕಿಂತಲೂ ಸಣ್ಣದು. ಆದ್ದರಿಂದ ತಪ್ಪಿನ ಲೆಕ್ಕ ತೆಗೆದರೆ ನಮ್ಮ ಹೆಸರು ಪಟ್ಟಿಯ ಕೊನೆಯಲ್ಲಿ ಬರುತ್ತದೆ. ದೊಡ್ಡ ದೇಶಗಳು, ದೊಡ್ಡ ಕಾರ್ಖಾನೆಗಳು, ಸರ್ಕಾರಗಳು ಮಾಡಬೇಕಾದ್ದನ್ನು ಅವರೇ ಮಾಡಬೇಕು. ಅದನ್ನು ಕೇಳುವ ಹಕ್ಕು ನಮಗಿದೆ, ಕೇಳಬೇಕು ಕೂಡ.

ಆದರೆ ತಪ್ಪು ಬೇರೆ, ಹೊಣೆ ಬೇರೆ. ಕಣದಲ್ಲಿ ಒಟ್ಟಿದ ಬಣವೆಗೆ ದಾರಿಹೋಕನ ಬೀಡಿಯ ಕಿಡಿ ಬಿತ್ತೆನ್ನಿ. ತಪ್ಪು ಅವನದೇ. ಅಷ್ಟಕ್ಕೆ ಬಣವೆಯ ಒಡೆಯ ಕೊಡ ಹಿಡಿಯದೆ ನಿಲ್ಲುತ್ತಾನೆಯೇ? ಮೊದಲು ಬೆಂಕಿ ಆರಿಸಿ, ಆಮೇಲೆ ಪಂಚಾಯಿತಿ ಕೂಡಿಸುತ್ತಾನೆ. ನಮ್ಮ ಹೊಲ, ಕೆರೆ, ಬಾವಿ ನಮ್ಮ ಬಣವೆ. ಕಿಡಿ ಯಾರದೇ ಇರಲಿ, ಉಳಿಸಿಕೊಳ್ಳುವ ಕೆಲಸ ನಮ್ಮದು.

ಇನ್ನೊಂದು ಮಾತು. ನೀರು ತಪ್ಪಿದಾಗ ಮೊದಲು ಊರು ಬಿಡುವವನು ಹೊಲದ ಒಡೆಯನಲ್ಲ, ಅವನ ಹೊಲದಲ್ಲಿ ದುಡಿಯುವ ಆಳುಮಗ. ಅಣೆಕಟ್ಟು, ಕಾಲುವೆ, ರಸ್ತೆ ಕಟ್ಟಲು ದೇಶದ ಮೂಲೆಮೂಲೆಗೆ ಗುಳೆ ಹೋದ 'ಪಾಲಮೂರು ಕೂಲಿ'ಯ ಹೆಸರು ಎಲ್ಲರೂ ಬಲ್ಲರು. ಆ ಪಾಲಮೂರು ಬೇರಾವುದೂ ಅಲ್ಲ, ನಮ್ಮ ಹಳೆಯ ಮಹಬೂಬನಗರ ಜಿಲ್ಲೆಯೇ. ಮುದುಕರನ್ನೂ ದನಗಳನ್ನೂ ಮನೆಯಲ್ಲಿ ಬಿಟ್ಟು ಕೂಸುಗಳನ್ನು ಕಟ್ಟಿಕೊಂಡು ಹೋದವರ ಊರು ಇದು. ಒಬ್ಬ ರೈತ ಬಳಸುವ ನೀರಿನ ಲೆಕ್ಕ ಅವನ ಮನೆಯ ಲೆಕ್ಕ ಮಾತ್ರ ಅಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಒಂದು ಎಕರೆಯ ಲೆಕ್ಕ

ನಮ್ಮ ಮನೆಗಳಲ್ಲಿ ತಾಟಿನಲ್ಲಿ ಒಂದು ಅಗುಳನ್ನೂ ಬಿಡುವುದಿಲ್ಲ. ಉಣ್ಣುವುದು ಅನ್ನವಲ್ಲ, ಪ್ರಸಾದ ಎಂಬ ಭಾವನೆ ಕೂಸಿನಿಂದಲೇ ಬಂದದ್ದು. ಅಗುಳಿಗೆ ಇರುವ ಈ ಮರ್ಯಾದೆ ಅಗುಳನ್ನು ಬೆಳೆದ ನೀರಿಗೂ ಸಲ್ಲಬೇಡವೇ? ಅದಕ್ಕೆ ಮೊದಲು ಲೆಕ್ಕ ತಿಳಿದಿರಬೇಕು. ಪೆನ್ನು ಹಿಡಿದು ಕೂಡಿರಿ.

ಒಂದು ಎಕರೆ ಹೊಲದ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಅದು ಸುಮಾರು 4,000 ಲೀಟರ್ ನೀರು. ನಮ್ಮ ಸೀಮೆಯ ವರ್ಷದ ಮಳೆ 600 ಮಿ.ಮೀ. ಆಸುಪಾಸು. ಹಾಗಾದರೆ ಒಂದು ಎಕರೆಗೆ ಮಳೆರಾಯ ವರ್ಷಕ್ಕೆ ಕೊಡುವುದು ಸುಮಾರು 24 ಲಕ್ಷ ಲೀಟರ್. ಇದು ಕಡಿಮೆಯೇನಲ್ಲ. ಆದರೆ ಇದರಲ್ಲಿ ಬಹುಪಾಲು ಆವಿಯಾಗುತ್ತದೆ, ಬೆಳೆ ಕುಡಿಯುತ್ತದೆ, ಹಳ್ಳಕ್ಕೆ ಹರಿಯುತ್ತದೆ. ನಮ್ಮದು ಬಹುಮಟ್ಟಿಗೆ ಕಲ್ಲುಬಂಡೆಯ ನೆಲ. ಕೆಳಗೆ ಸಮುದ್ರವಿಲ್ಲ, ಬಂಡೆಯ ಬಿರುಕುಗಳಲ್ಲಿ, ಅದರ ಮೇಲಿನ ಸಡಿಲ ಕಲ್ಲುಮಣ್ಣಿನಲ್ಲಿ ನಿಂತ ಅಷ್ಟಿಷ್ಟು ನೀರೇ ನಮ್ಮ ಅಂತರ್ಜಲ. ಇಂಥ ನೆಲದಲ್ಲಿ ಮಳೆಯ ಹತ್ತನೇ ಒಂದು ಪಾಲು ಕೆಳಗೆ ಇಳಿದರೆ ದೊಡ್ಡದು. ಅಂದರೆ ಎಕರೆಗೆ ಸುಮಾರು 2.4 ಲಕ್ಷ ಲೀಟರ್.

ಈಗ ಖರ್ಚಿನ ಕಡೆ ನೋಡಿರಿ. ನೀರು ನಿಲ್ಲಿಸಿ ಬೆಳೆಯುವ ಒಂದು ಎಕರೆ ನೆಲ್ಲಿಗೆ ಸುಮಾರು 1,200 ಮಿ.ಮೀ. ನೀರು, ಅಂದರೆ 48 ಲಕ್ಷ ಲೀಟರ್ ಬೇಕು. ಬೇಸಿಗೆಯ ನೆಲ್ಲಿಗೆ ಇದೆಲ್ಲವೂ ಬೋರಿನಿಂದಲೇ ಬರಬೇಕಾದರೆ, ಒಂದು ಎಕರೆ ನೆಲ್ಲು 20 ಎಕರೆಯಲ್ಲಿ ಇಂಗಿದ ನೀರನ್ನು ಎಳೆಯುತ್ತದೆ. ಗದ್ದೆಯಿಂದ ಒಂದಷ್ಟು ನೀರು ಮರಳಿ ಇಂಗುವುದು ನಿಜ. ಅರ್ಧ ಮರಳಿತೆಂದೇ ಹಿಡಿಯೋಣ. ಆಗಲೂ ಹತ್ತು ಎಕರೆಯ ನೀರು ಒಂದು ಎಕರೆಗೆ ಹೋಯಿತು. ಆ ಹತ್ತು ಎಕರೆ ಯಾರದು? ಬದುವಿನಾಚೆಯ ಅಣ್ಣತಮ್ಮಂದಿರದು, ಬೋರು ಹಾಕಿಸಲು ಶಕ್ತಿಯಿಲ್ಲದ ಬಡವರದು, ಊರ ಕುಡಿಯುವ ನೀರಿನ ಬಾವಿಯದು. ಇದನ್ನು ತಿಳಿದ ಮೇಲೆ 'ನನ್ನ ಹೊಲ, ನನ್ನ ಬೋರು, ನನ್ನಿಷ್ಟ' ಎಂಬ ಮಾತು ಬಾಯಿಗೆ ಬರುವುದು ಕಷ್ಟ. ಬೋರು ನಮ್ಮದಿರಬಹುದು, ಬಂಡೆಯ ಬಿರುಕು ಯಾರ ಪಟ್ಟಾ ಪುಸ್ತಕದಲ್ಲೂ ಬರೆದಿಲ್ಲ.

ತೆಲಂಗಾಣದಲ್ಲಿ 2018ರ ಜನವರಿ 1ರಿಂದ ಬೇಸಾಯಕ್ಕೆ 24 ಗಂಟೆ ಉಚಿತ ಕರೆಂಟು ಕೊಡುವ ವ್ಯವಸ್ಥೆ ಜಾರಿಗೆ ಬಂದಿತು. ರಾತ್ರಿ ಹಾವು ಚೇಳಿನ ಭಯದಲ್ಲಿ ಹೊಲಕ್ಕೆ ಹೋಗುತ್ತಿದ್ದ ರೈತರಿಗೆ ಅದು ನಿಜವಾದ ಉಪಕಾರ. ಆದರೆ ಕರೆಂಟು ಬಂದೊಡನೆ ತಾನೇ ಓಡುವ ಆಟೋ ಸ್ಟಾರ್ಟರನ್ನು ಬಿಚ್ಚದೆ ಉಳಿಸಿಕೊಂಡವರ ಮೋಟರು ಬೇಕಿರಲಿ ಬೇಡವಿರಲಿ ಓಡುತ್ತದೆ. ಸೆಕೆಂಡಿಗೆ 3 ಲೀಟರ್ ಎತ್ತುವ ಮೋಟರು ನಾಲ್ಕು ಗಂಟೆ ಸುಮ್ಮನೆ ಓಡಿದರೆ 43,200 ಲೀಟರ್ ಹೋಯಿತು. ಒಂದು ಎಕರೆಗೆ ಹತ್ತು ಮಿ.ಮೀ. ಮಳೆ ಬಂದಷ್ಟು ನೀರು ಅದು. ಐದು ಎಚ್.ಪಿ. ಮೋಟರಾದರೆ ಅಷ್ಟು ಹೊತ್ತಿಗೆ ಸುಮಾರು 16 ಯೂನಿಟ್ ಕರೆಂಟು. ನಮ್ಮ ದೇಶದಲ್ಲಿ ಒಂದು ಯೂನಿಟ್ ಕರೆಂಟಿನ ಹಿಂದೆ ಸರಾಸರಿ 700 ಗ್ರಾಂ ಇಂಗಾಲದ ಡೈಆಕ್ಸೈಡ್ ಇರುತ್ತದೆ. ಯಾಕೆಂದರೆ ಕರೆಂಟಿನ ದೊಡ್ಡ ಪಾಲು ಕಲ್ಲಿದ್ದಲಿನಿಂದ ಬರುತ್ತದೆ. ಕೃಷ್ಣಾ ನದಿ ದಾಟಿ ರಾಯಚೂರಿಗೆ ಹೋಗುವವರೆಲ್ಲ ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಚಿಮಣಿಗಳನ್ನು ಕಂಡಿದ್ದಾರೆ. ನಮಗೆ ಕರೆಂಟಿನ ಬಿಲ್ಲು ಬರದಿರಬಹುದು. ಆಕಾಶದ ಬಿಲ್ಲಿನಲ್ಲಿ ಆ ರಾತ್ರಿಯ ಹನ್ನೊಂದು ಕಿಲೋ ಸೇರಿಯೇ ಸೇರುತ್ತದೆ.

ನೆಲ್ಲು ಬೆಳೆಯಲೇಬಾರದು ಎಂದು ನಾವು ಹೇಳುತ್ತಿಲ್ಲ. ಸರ್ಕಾರ ಖರೀದಿ ಮಾಡುವ ಭರವಸೆ ನೆಲ್ಲಿಗಿದ್ದಷ್ಟು ಜೋಳ, ಸಜ್ಜೆ, ನವಣೆಗಳಿಗೆ ಇಲ್ಲ; ಸಾಲ ತೀರಿಸಬೇಕಾದ ರೈತ ಭರವಸೆ ಇದ್ದ ಕಡೆ ಹೋಗುವುದು ಸಹಜ. ಕಾಲುವೆ ನೀರು ಬರುವ ಜುರಾಲದ ಆಯಕಟ್ಟಿನಲ್ಲಿ ನೆಲ್ಲು ನಡೆದೀತು. ಅಲ್ಲಿಯೂ ಹಸಿ–ಒಣ ಪದ್ಧತಿ ಎಂಬ ಉಪಾಯವಿದೆ. ಒಂದು ಅಡಿ ಉದ್ದದ, ಅಗಲ ಬಾಯಿಯ ಕೊಳವೆಯ ಕೆಳಭಾಗಕ್ಕೆ ತೂತು ಕೊರೆದು, ಅರ್ಧಕ್ಕೂ ಹೆಚ್ಚು ಗದ್ದೆಯಲ್ಲಿ ಹುಗಿದು, ಒಳಗಿನ ಮಣ್ಣು ತೆಗೆಯಬೇಕು. ಕೊಳವೆಯೊಳಗೆ ನೀರು ನೆಲಮಟ್ಟದಿಂದ 15 ಸೆಂ.ಮೀ. ಕೆಳಗೆ ಇಳಿದಾಗ ಮತ್ತೆ ನೀರು ಹಾಯಿಸಿದರೆ ಸಾಕು. ನಾಟಿ ಮಾಡಿದ ಮೊದಲ ದಿನಗಳಲ್ಲಿ ಮತ್ತು ತೆನೆ ಒಡೆದು ಹೂವಾಗುವಾಗ ಮಾತ್ರ ತೆಳುವಾಗಿ ನೀರು ನಿಂತಿರಲಿ. ಇದರಿಂದ ನೂರಕ್ಕೆ 30ರವರೆಗೆ ನೀರು ಉಳಿಯುತ್ತದೆ, ಇಳುವರಿ ಕುಂದುವುದಿಲ್ಲ ಎಂದು ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ತೋರಿಸಿದೆ. ನಿಂತ ನೀರಿನ ಕೆಸರಿನಿಂದ ಏಳುವ ಮೀಥೇನ್ ಅನಿಲವೂ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆ ಅನಿಲ ಭೂಮಿಯನ್ನು ಕಾಯಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಎಷ್ಟೋ ಪಟ್ಟು ತೀಕ್ಷ್ಣವಾದದ್ದು.

ಕಾಲುವೆಯ ತಲೆ ಮತ್ತು ಬಾಲ

ಬೋರಿನ ನೀರು ಕಣ್ಣಿಗೆ ಕಾಣದು. ಕಾಲುವೆಯ ನೀರು ಕಾಣುತ್ತದೆ. ಆದರೂ ಅಲ್ಲಿ ಪಾಠ ಅದೇ. ತುಂಗಭದ್ರೆಗೆ ರಾಯಚೂರು ಜಿಲ್ಲೆಯಲ್ಲಿ ಕಟ್ಟಿದ ರಾಜೋಳಿಬಂಡಾ ಒಡ್ಡಿನಿಂದ ಹೊರಡುವ ಕಾಲುವೆ 143 ಕಿಲೋಮೀಟರ್ ಉದ್ದವಿದೆ. ಮೊದಲ 42 ಕಿಲೋಮೀಟರ್ ಕರ್ನಾಟಕದಲ್ಲಿ, ಉಳಿದದ್ದು ಗದ್ವಾಲ–ಆಲಂಪುರ ಸೀಮೆಯಲ್ಲಿ. ಈಚೆಗಿನ 87,500 ಎಕರೆಗೆಂದು ಬಚಾವತ್ ನ್ಯಾಯಮಂಡಳಿ 15.9 ಟಿ.ಎಂ.ಸಿ. ನೀರು ಗೊತ್ತುಮಾಡಿತು. ಎಷ್ಟೋ ವರ್ಷ ಅದರ ಅರ್ಧವೂ ಕೊನೆಯ ಹೊಲಗಳನ್ನು ಮುಟ್ಟಿಲ್ಲ. ಒಡ್ಡಿನ ಹಿಂದೆ ಹೂಳು, ಒಡೆದ ಕಾಲುವೆ, ಎರಡು ರಾಜ್ಯಗಳ ತಕರಾರು ಇವೆಲ್ಲ ಕಾರಣಗಳೇ. ಅವನ್ನು ಸರ್ಕಾರಗಳು ಬಗೆಹರಿಸಬೇಕು. ಬಾಲದ ರೈತರಿಗಾಗಿ ತುಮ್ಮಿಳ್ಳದಲ್ಲಿ ಏತ ನೀರಾವರಿ ಮಾಡಿದ್ದೂ ಇದೇ ಕೊರತೆ ತುಂಬಲು.

ಆದರೆ ಕಾಲುವೆ ಎಷ್ಟೇ ದೊಡ್ಡದಿರಲಿ, ಸಣ್ಣದಿರಲಿ, ತಲೆಯಲ್ಲಿರುವವನ ಕೈಯಲ್ಲಿ ಬಾಲದವನ ಅನ್ನವಿರುತ್ತದೆ. ತನ್ನ ಸರದಿ ಮುಗಿದ ಮೇಲೆ ಮಡೆ ಮುಚ್ಚುವುದು, ಕಾಲುವೆಗೆ ಕಳ್ಳ ಪೈಪು ಇಳಿಬಿಡದಿರುವುದು, ತನ್ನ ಹೊಲದ ಮುಂದಿನ ಹೊಲಗಾಲುವೆಯ ಹೂಳು, ಜೇಕು ತೆಗೆಯುವುದು, ಇವಕ್ಕೆ ಯಾವ ಸರ್ಕಾರದ ಆದೇಶವೂ ಬೇಕಿಲ್ಲ. ದಾಸೋಹವೆಂದರೆ ಪಂಕ್ತಿಯಲ್ಲಿ ಕೊನೆಗೆ ಕೂತವನಿಗೂ ಸಮನಾಗಿ ಬಡಿಸುವುದು. ಮೊದಲ ಸಾಲಿನಲ್ಲಿ ಕೂತವರೇ ಸಾರಿನ ಪಾತ್ರೆ ಬರಿದು ಮಾಡಿದರೆ ಅದನ್ನು ದಾಸೋಹವೆಂದು ಯಾರೂ ಕರೆಯರು. ಕಾಲುವೆಯೂ ಒಂದು ಪಂಕ್ತಿಯೇ.

ಹೊಲದಲ್ಲಿ ಮಾಡುವ ಕೆಲಸಗಳು

ಒಂದೇ ದಿನ 100 ಮಿ.ಮೀ. ಮಳೆ ಸುರಿದರೆ ಒಂದು ಎಕರೆಯ ಮೇಲೆ 4 ಲಕ್ಷ ಲೀಟರ್ ನೀರು ಬಿದ್ದಂತೆ. ಇಂಥ ಮಳೆ ಹೆಚ್ಚುವ ಕಾಲದಲ್ಲಿ ಬದು ಇಲ್ಲದ ಹೊಲ ಬಾಗಿಲಿಲ್ಲದ ಮನೆ. ನೀರು ಹೋಗುವಾಗ ಬರಿಗೈಯಲ್ಲಿ ಹೋಗುವುದಿಲ್ಲ, ಮೇಲ್ಮಣ್ಣನ್ನು ಕಟ್ಟಿಕೊಂಡು ಹೋಗುತ್ತದೆ. ಇಳಿಜಾರಿಗೆ ಅಡ್ಡಲಾಗಿ ರೆಂಟೆ ಹೊಡೆದು ಅಡ್ಡಲಾಗಿಯೇ ಬಿತ್ತುವುದು, ಬದುಗಳನ್ನು ಬೇಸಿಗೆಯಲ್ಲೇ ಸರಿಮಾಡುವುದು, ಹೆಚ್ಚಿನ ನೀರು ಹೋಗುವಲ್ಲಿ ಕಲ್ಲು ಜೋಡಿಸುವುದು, ಹೊಲದ ತಗ್ಗಿನಲ್ಲಿ ಒಂದು ಕೃಷಿ ಹೊಂಡ ತೋಡುವುದು, ಇವು ನಮ್ಮ ಹಿರಿಯರು ಬಲ್ಲ ಕೆಲಸಗಳೇ. ಬದುವಿನ ಮೇಲೆ ಬೇವು, ಹೊಂಗೆ, ಬನ್ನಿ, ಹುಣಸೆ ಬೆಳೆಸಿರಿ. ಇದ್ದ ಗಿಡವನ್ನು ಕಡಿಯುವ ಮುನ್ನ 2002ರ ನೀರು, ನೆಲ ಮತ್ತು ಮರಗಳ ಕಾಯಿದೆಯಂತೆ ಅನುಮತಿ ಪಡೆಯಬೇಕೆಂಬುದು ನೆನಪಿರಲಿ. ಬಿಸಿಲು ಏರುವ ವರ್ಷಗಳಲ್ಲಿ ಆಳುಮಕ್ಕಳಿಗೂ ಎತ್ತುಗಳಿಗೂ ಮಧ್ಯಾಹ್ನದ ನೆರಳು ಔಷಧವಿದ್ದಂತೆ.

2015ರಲ್ಲಿ ತೆಲಂಗಾಣ ಸರ್ಕಾರ ಮಿಷನ್ ಕಾಕತೀಯ ಎಂಬ ಹೆಸರಿನಲ್ಲಿ ರಾಜ್ಯದ 46,000ಕ್ಕೂ ಹೆಚ್ಚು ಕೆರೆಕುಂಟೆಗಳ ದುರಸ್ತಿಗೆ ಕೈಹಾಕಿತು. ಕೆರೆ ಅಗೆಯುವ ಖರ್ಚು ಸರ್ಕಾರದ್ದು, ಹೂಳನ್ನು ಹೊಲಕ್ಕೆ ಸಾಗಿಸುವ ಖರ್ಚು ರೈತರದು ಎಂಬ ಏರ್ಪಾಡು ಅದರಲ್ಲಿತ್ತು. ಕೆರೆಯ ಹೂಳೆಂದರೆ ನಮ್ಮ ಹೊಲಗಳಿಂದಲೇ ಕೊಚ್ಚಿಹೋದ ಮೇಲ್ಮಣ್ಣು. ಮಸಾರಿ ನೆಲಕ್ಕೆ ಅದನ್ನು ಹೊಡೆದರೆ ತೇವ ಹೆಚ್ಚು ದಿನ ನಿಲ್ಲುತ್ತದೆ, ಕೆರೆಗೂ ಜಾಗವಾಗುತ್ತದೆ. ಆದರೆ ಒಮ್ಮೆ ತೆಗೆದರೆ ಮುಗಿಯಲಿಲ್ಲ. ಕೆರೆಗೆ ಬರುವ ನೀರಿನ ದಾರಿಯನ್ನು ಉತ್ತು ಒತ್ತುವರಿ ಮಾಡಿದರೆ ಕೆರೆ ಆಳವಾಗಿದ್ದೂ ಬರಿದು.

ಸುಗ್ಗಿಯಾದ ಮೇಲೆ ನೆಲ್ಲುಹುಲ್ಲಿಗೆ, ಹತ್ತಿಕಟ್ಟಿಗೆಗೆ ಬೆಂಕಿ ಇಡುವ ರೂಢಿ ಹೆಚ್ಚುತ್ತಿದೆ. ಕೊಯ್ಲು ಯಂತ್ರ ಬಂದ ಮೇಲೆ ಹುಲ್ಲು ಆಯಲು ಆಳು ಸಿಗುವುದಿಲ್ಲ ಎಂಬ ತೊಂದರೆ ನಿಜವೇ. ಆದರೂ ಲೆಕ್ಕ ನೋಡಿರಿ. ಒಂದು ಟನ್ ನೆಲ್ಲುಹುಲ್ಲಿನಲ್ಲಿ ಸುಮಾರು 5.5 ಕಿಲೋ ಸಾರಜನಕ, 2.3 ಕಿಲೋ ರಂಜಕ, 25 ಕಿಲೋ ಪೊಟ್ಯಾಷ್, 400 ಕಿಲೋ ಇಂಗಾಲ ಇರುತ್ತವೆ. ಬೆಂಕಿ ಇಟ್ಟರೆ ಸಾರಜನಕ, ಇಂಗಾಲ ಬಹುತೇಕ ಹೊಗೆಯಾಗಿ ಹೋಗುತ್ತವೆ. ಮೇಲ್ಮಣ್ಣಿನ ಸೂಕ್ಷ್ಮಜೀವಿಗಳು ಸಾಯುತ್ತವೆ. ಆಮೇಲೆ ಅದೇ ರೈತ ಗೊಬ್ಬರದ ಅಂಗಡಿಗೆ ಹೋಗಿ ದುಡ್ಡು ಕೊಟ್ಟು ಸಾರಜನಕ ತರುತ್ತಾನೆ. ಆ ಯೂರಿಯಾದಲ್ಲೂ ಅರ್ಧಕ್ಕಿಂತ ಹೆಚ್ಚು ಬೆಳೆಗೆ ದಕ್ಕುವುದು ಅಪರೂಪ. ಉಳಿದದ್ದು ನೀರಿಗೆ ಇಳಿಯುತ್ತದೆ, ಗಾಳಿಗೆ ಏರುತ್ತದೆ. ಹಾಗೆ ಏರುವ ನೈಟ್ರಸ್ ಆಕ್ಸೈಡ್ ಭೂಮಿಯನ್ನು ಕಾಯಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಬಲಶಾಲಿ. ಹುಲ್ಲನ್ನು ದನಕ್ಕೆ ಕೊಡಿರಿ, ತಿಪ್ಪೆಗೆ ಹಾಕಿರಿ. ಹತ್ತಿಕಟ್ಟಿಗೆಯನ್ನು ಪುಡಿಮಾಡುವ ಯಂತ್ರವನ್ನು ನಾಲ್ಕು ಮನೆಯವರು ಕೂಡಿ ಬಾಡಿಗೆಗೆ ತರಿಸಿರಿ. ಯೂರಿಯಾವನ್ನು ಒಮ್ಮೆಲೇ ಚೆಲ್ಲದೆ ಎರಡು ಮೂರು ಕಂತಿನಲ್ಲಿ, ತೇವ ಇದ್ದಾಗ ಕೊಡಿರಿ.

ಗದ್ವಾಲ, ಐಜ, ಧರೂರು, ಮಲ್ದಕಲ್ ಕಡೆ ಬೀಜದ ಹತ್ತಿ ಬೆಳೆಯುವವರು ಬಹಳ. ಎಣ್ಣೆ ಹೊಡೆಯುವುದೂ ಅಲ್ಲಿ ಹೆಚ್ಚು. ಖಾಲಿ ಡಬ್ಬಿಯನ್ನು ಕೆರೆಯಲ್ಲಿ ತೊಳೆಯುವುದು, ಅದರಲ್ಲೇ ಮನೆಗೆ ನೀರು ತರುವುದು ಎಂದೂ ಕೂಡದು. ಮೂರು ಸಲ ತೊಳೆದು, ಆ ನೀರನ್ನು ಪಂಪಿಗೇ ಸುರಿದು, ಡಬ್ಬಿಗೆ ತೂತು ಹೊಡೆಯಬೇಕು. ಹೂವಿನಲ್ಲಿ ಹೂವು ಕೂಡಿಸುವ ಕೆಲಸಕ್ಕೆ ಬರುವ ಕೂಲಿಯ ಹೆಣ್ಣುಮಕ್ಕಳನ್ನು ಎಣ್ಣೆ ಹೊಡೆದ ಹಸಿಯಲ್ಲೇ ಹೊಲಕ್ಕೆ ಇಳಿಸಬಾರದು.

ಅಂಗಡಿಯ ಪಾಲು

ಹೊಣೆ ರೈತನದಷ್ಟೇ ಅಲ್ಲ. ನಮ್ಮಲ್ಲಿ ಗಂಜಿನ ಅಡತಿಯವರು, ಕಿರಾಣಿ, ಬಟ್ಟೆ, ಬೀಜ–ಗೊಬ್ಬರದ ಅಂಗಡಿಯವರು ಅನೇಕರಿದ್ದಾರೆ. ತೂಕದಲ್ಲಿ ಮೋಸ ಮಾಡದಿರುವುದು ವ್ಯಾಪಾರದ ಕಾಯಕದ ಮೊದಲ ನಿಯಮ. ಬದಲಾದ ಕಾಲದಲ್ಲಿ ಅದಕ್ಕೆ ಇನ್ನೂ ಕೆಲವು ಸೇರಬೇಕಾಗಿದೆ. ನಾರಾಯಣಪೇಟೆಯ ಮಾರುಕಟ್ಟೆ ತೊಗರಿಗೆ ಹೆಸರಾದದ್ದು. ತೊಗರಿ, ಜೋಳ, ಶೇಂಗಾ, ಸಿರಿಧಾನ್ಯ ತಂದ ರೈತನಿಗೆ ಸರಿಯಾದ ದರ, ತಕ್ಷಣದ ಹಣ ಸಿಕ್ಕರೆ ಅವನು ಬೋರಿನ ನೆಲ್ಲಿಗೆ ಬೀಳುವುದು ಕಡಿಮೆಯಾಗುತ್ತದೆ. ಕಡಿಮೆ ನೀರಿನ ಬೆಳೆಗೆ ಗಂಜಿನಲ್ಲಿ ಮರ್ಯಾದೆ ಇದ್ದರೆ ಮಾತ್ರ ಹೊಲದಲ್ಲಿ ಮರ್ಯಾದೆ.

ಬೀಜ–ಗೊಬ್ಬರದ ಅಂಗಡಿಯವರನ್ನು ಎಷ್ಟೋ ರೈತರು ವೈದ್ಯರಂತೆ ನಂಬುತ್ತಾರೆ. ರೋಗ ಯಾವುದು ಎಂದು ಕೇಳದೆ ಮೂರು ಬಗೆಯ ಎಣ್ಣೆ ಕೊಟ್ಟು ಕಳಿಸುವುದು ಆ ನಂಬಿಕೆಗೆ ತಕ್ಕದ್ದಲ್ಲ. ಕಿರಾಣಿಯವರಿಗೆ ಕಾನೂನಿನ ಮಾತೂ ಇದೆ. 120 ಮೈಕ್ರಾನಿಗಿಂತ ತೆಳುವಾದ ಪ್ಲಾಸ್ಟಿಕ್ ಚೀಲ 2022ರ ಡಿಸೆಂಬರ್ 31ರಿಂದ ದೇಶದಲ್ಲೆಲ್ಲ ನಿಷಿದ್ಧ. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ತಾಟು, ಲೋಟ, ಚಮಚಗಳು 2022ರ ಜುಲೈ 1ರಿಂದಲೇ ನಿಷಿದ್ಧ. ಮದುವೆ, ಜಾತ್ರೆ, ದಾಸೋಹಗಳಲ್ಲಿ ಮುತ್ತುಗದ ಎಲೆಯ ಪತ್ರಾವಳಿ, ಸ್ಟೀಲಿನ ಲೋಟ ನಮ್ಮ ಹಳೆಯ ಪದ್ಧತಿಯೇ. ಊಟ ಪ್ರಸಾದವೆಂದ ಮೇಲೆ ಉಂಡೆದ್ದ ಜಾಗ ಹಳ್ಳದ ತಿಪ್ಪೆಯಾಗಬಾರದು. ಪ್ಲಾಸ್ಟಿಕ್ ರಾಶಿಗೆ ಬೆಂಕಿ ಹಚ್ಚಿ ಸ್ವಚ್ಛವಾಯಿತೆಂದರೆ ನೆಲದ ಕಸ ಗಾಳಿಗೆ ಹೋಯಿತೇ ಹೊರತು ಕಸ ಹೋಗಲಿಲ್ಲ.

'ನಾನೊಬ್ಬ ಮಾಡಿದರೆ ಏನಾದೀತು?'

ಇದು ಕೊನೆಯ ಪ್ರಶ್ನೆ, ಎಲ್ಲಕ್ಕಿಂತ ಗಟ್ಟಿಯಾದ ಪ್ರಶ್ನೆ. ನಾನು ಮೋಟರು ನಿಲ್ಲಿಸಿದರೆ ಪಕ್ಕದವನು ಎಳೆಯುತ್ತಾನಲ್ಲ? ಇದಕ್ಕೆ ಉತ್ತರ ದೂರದ ದೇಶದಲ್ಲಿ ಹುಡುಕಬೇಕಿಲ್ಲ, ನಮ್ಮ ಹಳೆಯ ಜಿಲ್ಲೆಯಲ್ಲೇ ಇದೆ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ 2003ರ ಸುಮಾರಿಗೆ ಅಂದಿನ ಆಂಧ್ರಪ್ರದೇಶದ ಏಳು ಬರಪೀಡಿತ ಜಿಲ್ಲೆಗಳಲ್ಲಿ ರೈತರೇ ಅಂತರ್ಜಲ ನೋಡಿಕೊಳ್ಳುವ ಒಂದು ಯೋಜನೆ ನಡೆಯಿತು. ಮಹಬೂಬನಗರ ಅವುಗಳಲ್ಲಿ ಒಂದು. ಆರುನೂರಕ್ಕೂ ಹೆಚ್ಚು ಹಳ್ಳಿಗಳ ರೈತರು, ಹೆಣ್ಣುಮಕ್ಕಳೂ ಸೇರಿ, ತಮ್ಮ ಊರಿನ ಮಳೆಯನ್ನು ತಾವೇ ಅಳೆದರು. ಬಾವಿ, ಬೋರುಗಳ ನೀರಿನ ಮಟ್ಟವನ್ನು ಹದಿನೈದು ದಿನಕ್ಕೊಮ್ಮೆ ಬರೆದಿಟ್ಟರು. ಹಿಂಗಾರಿ ಬಿತ್ತನೆಗೆ ಮುನ್ನ ಎಲ್ಲರೂ ಕೂಡಿ, ಈ ವರ್ಷ ನೆಲದಲ್ಲಿ ಎಷ್ಟು ನೀರಿದೆ, ಯಾವ ಬೆಳೆ ಎಷ್ಟು ಕುಡಿಯುತ್ತದೆ ಎಂದು ಜಮಾಖರ್ಚು ತೆಗೆದರು. ಯಾರಿಗೂ ಸಹಾಯಧನವಿರಲಿಲ್ಲ, ದಂಡವೂ ಇರಲಿಲ್ಲ. ಏನು ಬಿತ್ತಬೇಕೆಂಬುದು ಅವರವರಿಗೇ ಬಿಟ್ಟದ್ದು. ವಿಶ್ವಬ್ಯಾಂಕು 2010ರಲ್ಲಿ ಹೊರತಂದ ವರದಿಯಂತೆ, ಮೂರು ವರ್ಷಗಳಲ್ಲಿ ನೂರಕ್ಕೆ 42ರಷ್ಟು ಜಲಾನಯನ ಘಟಕಗಳಲ್ಲಿ ಹಿಂಗಾರಿಯ ನೀರೆತ್ತುವಿಕೆ ಸತತವಾಗಿ ಇಳಿಯಿತು, 51ರಲ್ಲಿ ಬಿಟ್ಟುಬಿಟ್ಟು ಇಳಿಯಿತು, ಏರಿದ್ದು 7ರಲ್ಲಿ ಮಾತ್ರ.

ಇಲ್ಲಿ ಕಲಿಯುವುದಿದೆ. ಆ ರೈತರು ತ್ಯಾಗಿಗಳಾಗಿ ಹುಟ್ಟಿದವರಲ್ಲ. ನಮ್ಮಂತೆಯೇ ಸಾಲ ಸೋಲ ಇದ್ದವರು. ಕಾಣದಿದ್ದ ನೀರು ಲೆಕ್ಕದ ಗೋಡೆಯ ಮೇಲೆ ಎಲ್ಲರ ಕಣ್ಣಿಗೂ ಕಂಡಿತು, ಅಷ್ಟೇ. ಪಕ್ಕದವನಿಗೂ ಅದೇ ಲೆಕ್ಕ ಗೊತ್ತಿದೆ ಎಂಬ ಧೈರ್ಯ ಬಂದಾಗ ಮೊದಲು ಕೈಬಿಡಲು ಯಾರೂ ಅಂಜುವುದಿಲ್ಲ. ಒಬ್ಬನ ಹೊಣೆ ಒಬ್ಬನಲ್ಲೇ ಉಳಿದರೆ ಅದು ಭಾರ. ನಾಲ್ವರ ಮುಂದೆ ಹೇಳಿ ಮಾಡಿದರೆ ಅದು ಊರ ನಡೆ. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಇಂದಿನಿಂದಲೇ ಆರಂಭಿಸಬಹುದಾದ ಒಂದು ಸಣ್ಣ ಕೆಲಸವನ್ನು ಹೇಳುತ್ತೇವೆ. ಎತ್ತುಗಳಿಗೆ ಬಿಡುವು ಕೊಡುವ ಅಮಾವಾಸ್ಯೆಯ ದಿನ, ಮತ್ತೆ ಹುಣ್ಣಿಮೆಯ ದಿನ, ಬಾವಿ ಇದ್ದವರು ಗಂಟು ಹಾಕಿದ ಹಗ್ಗ ಇಳಿಬಿಟ್ಟು ನೀರಿನ ಆಳ ಅಳೆಯಿರಿ. ಬೋರು ಇದ್ದವರು ಒಂದು ಕೊಡ ತುಂಬಲು ಎಷ್ಟು ಸೆಕೆಂಡು ಹಿಡಿಯಿತು, ಮೋಟರು ಗಾಳಿ ಎಳೆಯದೆ ಎಷ್ಟು ಗಂಟೆ ಓಡಿತು ಎಂಬುದನ್ನು ನೋಡಿರಿ. ನೆಟ್ಟಗಿನ ಗೋಡೆಯ ಒಂದು ಡಬ್ಬಿಯನ್ನು ಬಯಲಲ್ಲಿಟ್ಟು ಮಳೆ ಬಂದ ಮರುದಿನ ಅಳತೆಪಟ್ಟಿಯಿಂದ ಅಳೆಯಿರಿ. ಇವನ್ನು ಶಾಲೆಗೆ ಹೋಗುವ ಮಕ್ಕಳ ಕೈಯಲ್ಲಿ ಪಡಸಾಲೆಯ ಗೋಡೆಯ ಮೇಲೆ ಬರೆಯಿಸಿರಿ. ಹಿಂಗಾರಿ ಬಿತ್ತುವ ಮುನ್ನ ಹತ್ತು ಮನೆಯ ಗೋಡೆಗಳ ಲೆಕ್ಕವನ್ನು ಒಂದೆಡೆ ಕೂಡಿಸಿ ನೋಡಿರಿ. ಏನು ಬಿತ್ತಬೇಕೆಂಬುದನ್ನು ಆ ಗೋಡೆಗಳೇ ಹೇಳುತ್ತವೆ.

ಗೋಷ್ಠಿಯಲ್ಲಿ ಚರ್ಚಿಸಲು

1. ನಮ್ಮ ಊರಿನಲ್ಲಿ ಬೋರಿನ ನೀರಿನಿಂದ ಬೇಸಿಗೆಯ ನೆಲ್ಲು ಎಷ್ಟು ಎಕರೆ ಇದೆ? ಅದು ಎಷ್ಟು ಎಕರೆಯಲ್ಲಿ ಇಂಗಿದ ನೀರನ್ನು ಕುಡಿಯುತ್ತದೆ?

2. ಊರ ಕೆರೆಗೆ ನೀರು ಬರುವ ದಾರಿಗಳು ಎಷ್ಟು? ಈಗ ತೆರೆದಿರುವವು ಎಷ್ಟು?

3. ನೀರು ತಪ್ಪಿದರೆ ನಮ್ಮ ಊರಿನಿಂದ ಮೊದಲು ಗುಳೆ ಹೋಗುವವರು ಯಾರು? ಅವರನ್ನು ನಮ್ಮ ಗೋಷ್ಠಿಗೆ ಕರೆದಿದ್ದೇವೆಯೇ?

4. ಆಟೋ ಸ್ಟಾರ್ಟರ್ ಬಿಚ್ಚಿಡಲು ಒಪ್ಪುವ ಐದು ಮನೆಗಳು ನಮ್ಮಲ್ಲಿವೆಯೇ?

5. ಬರುವ ಜಾತ್ರೆಯ ದಾಸೋಹದಲ್ಲಿ ಪ್ಲಾಸ್ಟಿಕ್ ಲೋಟವಿಲ್ಲದೆ ನೀರು ಕೊಡುವ ಏರ್ಪಾಡನ್ನು ಯಾರು ವಹಿಸಿಕೊಳ್ಳುತ್ತಾರೆ?

ಮಳೆ ಯಾವಾಗ ಬರಬೇಕು, ಎಷ್ಟು ಬರಬೇಕು ಎಂಬುದು ನಮ್ಮ ಕೈಯಲ್ಲಿಲ್ಲ. ಬಿದ್ದ ನೀರು ಬದುವಿನೊಳಗೆ ನಿಲ್ಲುವುದೋ, ಬದುವಿನಾಚೆಯವನಿಗೂ ಮುಟ್ಟುವುದೋ, ಮುಂದಿನ ಪೀಳಿಗೆಗೂ ಉಳಿಯುವುದೋ ಎಂಬುದು ಮಾತ್ರ ನಮ್ಮ ಕೈಯಲ್ಲಿದೆ. ಅಷ್ಟು ಮಾಡಿದರೆ ನಮ್ಮ ಪಾಲಿನ ಕಾಯಕ ಸಂದಂತೆ.